ಒಲೆಯಲ್ಲಿ ಸುಟ್ಟುಹೋದ ಸಾಕ್ಷಿ

ಮಂಗಳ ಗ್ರಹದಲ್ಲಿ ಜೀವವಿದೆಯೇ ಎಂದು ಪತ್ತೆ ಹಚ್ಚುವ ಒಂದು ಜಾಣ ಉಪಾಯ ಹೊಳೆದದ್ದು ಖಗೋಳ ವಿಜ್ಞಾನಿಗಲ್ಲ. ಊರಿನ ಕುಡಿಯುವ ನೀರು, ಚರಂಡಿ ನೀರುಗಳನ್ನು ಪರೀಕ್ಷಿಸುತ್ತಿದ್ದ ಒಬ್ಬ ನೈರ್ಮಲ್ಯ ಎಂಜಿನಿಯರಿಗೆ. ಗಿಲ್ಬರ್ಟ್ ಲೆವಿನ್ ಎಂಬ ಈ ಅಮೆರಿಕನ್ನರ ತಕರಾರು ಮೊದಲಿಗೆ ಬಹಳ ಸಣ್ಣದು. 1950ರ ದಶಕದಲ್ಲಿ ನೀರಿಗೆ ರೋಗಾಣು ಸೇರಿದೆಯೇ ಎಂದು ತಿಳಿಯಬೇಕಾದರೆ ಅದನ್ನು ಪೋಷಕ ದ್ರವದಲ್ಲಿ ಬೆರೆಸಿ, ಬೆಚ್ಚಗಿಟ್ಟು, ಬ್ಯಾಕ್ಟೀರಿಯಾ ಬೆಳೆದು ಗುಳ್ಳೆ ಏಳುವ ತನಕ ಕಾಯಬೇಕಿತ್ತು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಫಲಿತಾಂಶ ಬರುವ ಹೊತ್ತಿಗೆ ಊರಿನವರು ಆ ನೀರನ್ನು ಕುಡಿದು ಮುಗಿಸಿರುತ್ತಿದ್ದರು. ಗುಳ್ಳೆ ಕಣ್ಣಿಗೆ ಕಾಣುವ ತನಕ ಯಾಕೆ ಕಾಯಬೇಕು, ತಿನ್ನಲು ಕೊಡುವ ಆಹಾರಕ್ಕೇ ಒಂದು ಗುರುತು ಹಚ್ಚಿಬಿಟ್ಟರೆ ಹೇಗೆ ಎಂದು ಲೆವಿನ್ ಯೋಚಿಸಿದರು.

ಇಂಗಾಲದಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಇಂಗಾಲ-14 ಎಂಬುದು ವಿಕಿರಣ ಸೂಸುತ್ತ ಕ್ಷಯಿಸುವ ಜಾತಿ. ಆಹಾರದ ಅಣುವಿನೊಳಗೆ ಅದನ್ನು ಕೂರಿಸಿದರೆ ರುಚಿ ಕೆಡುವುದಿಲ್ಲ. ಬ್ಯಾಕ್ಟೀರಿಯಾ ಎಂದಿನಂತೆ ತಿನ್ನುತ್ತದೆ, ಎಂದಿನಂತೆ ಉಸಿರು ಬಿಡುತ್ತದೆ. ಆದರೆ ಆ ಉಸಿರಿನ ಕಾರ್ಬನ್ ಡೈಆಕ್ಸೈಡಿಗೆ ಈಗ ಗುರುತು ಬಿದ್ದಿರುತ್ತದೆ. ಮೇಲೆ ಇಟ್ಟ ಎಣಿಕೆಯಂತ್ರ ಟಿಕ್ ಟಿಕ್ ಎನ್ನತೊಡಗಿದರೆ ಕೆಳಗೆ ಯಾರೋ ಊಟ ಮಾಡುತ್ತಿದ್ದಾರೆ ಎಂದರ್ಥ. ದಿನಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಾಸಾ ಸಂಸ್ಥೆ ಹುಟ್ಟಿದ ಹೊಸತರಲ್ಲಿ ಅದರ ಮೊದಲ ಮುಖ್ಯಸ್ಥ ಕೀತ್ ಗ್ಲೆನನ್ ಅವರು ಒಂದು ಸಂತೋಷಕೂಟದಲ್ಲಿ ಸಿಕ್ಕಾಗ, ನೀವು ಮಂಗಳನಲ್ಲಿ ಜೀವ ಹುಡುಕುವವರಿದ್ದೀರಾ ಎಂದು ಲೆವಿನ್ ಕೇಳಿದರಂತೆ. ಹುಡುಕುವವರಿದ್ದರು. ನೀರಿನ ಪರೀಕ್ಷೆ ಮಂಗಳಕ್ಕೆ ಹೊರಡುವ ಸಿದ್ಧತೆ ಹೀಗೆ ಶುರುವಾಯಿತು. ಯಂತ್ರದ ಮೊದಲ ರೂಪಕ್ಕೆ ಅವರು ಇಟ್ಟ ಹೆಸರು ‘ಗಲಿವರ್’. ಲಿಲಿಪುಟ್ಟಿನ ಕಿರುಜೀವಿಗಳನ್ನು ಹುಡುಕಿಹೋಗುವವನಿಗೆ ಒಪ್ಪುವ ಹೆಸರು.

ಬೇರೆ ಲೋಕದಲ್ಲಿ ಜೀವವನ್ನು ಹುಡುಕುವುದೆಂದರೆ ಎರಡು ಕಾಲಿನ, ದೊಡ್ಡ ಕಣ್ಣಿನ ಪ್ರಾಣಿಯನ್ನು ಹುಡುಕುವುದಲ್ಲ. ಹುಡುಕುವುದು ರಾಸಾಯನಿಕ ಸುಳಿವನ್ನು. ಬಾಗಿಲು ಮುಚ್ಚಿದ ಮನೆಯೊಳಗೆ ಜನರಿದ್ದಾರೆಯೇ ಎಂದು ಮಾಡಿನ ಹೊಗೆ ನೋಡಿ, ಬಚ್ಚಲ ನೀರು ನೋಡಿ ಹೇಳುವ ಹಾಗೆ. ಹೊಗೆ ಕಂಡರೆ ಒಲೆ ಹೊತ್ತಿಸಿದವರು ಇರಬೇಕು ಎನ್ನುವುದು ಸಾಮಾನ್ಯ ತರ್ಕ. ಕಾಡಿನಲ್ಲಿ ಹೊಗೆ ಕಂಡರೆ ಮಾತ್ರ ಆ ತರ್ಕ ಕೈಕೊಡುತ್ತದೆ. ಅಲ್ಲಿ ಬೆಂಕಿ ತಾನಾಗಿಯೂ ಹುಟ್ಟಬಹುದು. ಮಂಗಳ ಗ್ರಹ ಮನೆಯೋ ಕಾಡೋ ಎಂಬ ಜಗಳಕ್ಕೆ ಈಗ ಅರ್ಧ ಶತಮಾನ.

ನಾಸಾದ ಎರಡು ವೈಕಿಂಗ್ ನೌಕೆಗಳು ಹೊರಟದ್ದು 1975ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ. ಭೂಮಿಯ ಸೂಕ್ಷ್ಮಜೀವಿಗಳು ಜೊತೆಯಲ್ಲಿ ಹೋಗಿ ಸುಳ್ಳು ಸಾಕ್ಷಿ ಹೇಳಬಾರದೆಂದು ಎರಡೂ ಇಳಿನೌಕೆಗಳನ್ನು ನೀರು ಕುದಿಯುವುದಕ್ಕಿಂತ ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿ ಕಳಿಸಿದ್ದರು. ಅಮೆರಿಕದ ಇನ್ನೂರನೆಯ ಸ್ವಾತಂತ್ರ್ಯೋತ್ಸವದ ದಿನವೇ, ಅಂದರೆ 1976ರ ಜುಲೈ 4ರಂದೇ ಇಳಿಸುವ ಆಸೆ ಅಧಿಕಾರಿಗಳಿಗಿತ್ತು. ಆದರೆ ಆರಿಸಿಟ್ಟ ಜಾಗ ಚಿತ್ರಗಳಲ್ಲಿ ತೀರಾ ಒರಟಾಗಿ ಕಂಡಿತು. ಬೇರೆ ಜಾಗ ಹುಡುಕಿ ಜುಲೈ 20ರಂದು ವೈಕಿಂಗ್ 1 ಅನ್ನು ಕ್ರೈಸಿ ಎಂಬ ಬಯಲಿನಲ್ಲಿ ಇಳಿಸಿದರು. ಅದರ ತಮ್ಮ ವೈಕಿಂಗ್ 2 ಸೆಪ್ಟೆಂಬರ್ 3ರಂದು, ಅಲ್ಲಿಂದ 6,000 ಕಿಲೋಮೀಟರಿಗೂ ದೂರದ ಯುಟೋಪಿಯಾ ಬಯಲಿನಲ್ಲಿ ಇಳಿಯಿತು.

ಒಂದೊಂದು ನೌಕೆಯಲ್ಲೂ ಸುಮಾರು 15 ಕಿಲೋ ತೂಕದ ಒಂದು ಜೀವಪರೀಕ್ಷೆಯ ಪೆಟ್ಟಿಗೆ. ಅದರೊಳಗೆ ಮೂರು ಪ್ರಯೋಗಶಾಲೆಗಳು. ನಾಲ್ಕನೆಯದೂ ಒಂದು ಇರಬೇಕಿತ್ತು. ಅದರ ಕತೆ ಆಮೇಲೆ ಬರುತ್ತದೆ. ಲೆವಿನ್ ಮತ್ತು ಅವರ ಸಹೋದ್ಯೋಗಿ ಪೆಟ್ರೀಷಿಯಾ ಸ್ಟ್ರಾಟ್ ಅವರ ಪ್ರಯೋಗ ಇವುಗಳಲ್ಲಿ ಅತಿ ಸರಳ. ಯಂತ್ರದ ಕೈ ಮಂಗಳನ ಮಣ್ಣನ್ನು ಬಾಚಿ ತಂದು ಸುರಿಯುತ್ತದೆ. ಅರ್ಧ ಘನ ಸೆಂಟಿಮೀಟರಿನಷ್ಟು ಮಣ್ಣಿನ ಮೇಲೆ ಗುರುತು ಹಚ್ಚಿದ ಆಹಾರದ ಒಂದೆರಡು ಹನಿ ಬೀಳುತ್ತದೆ. ಆಮೇಲೆ ಮೇಲಿನ ಗಾಳಿಯಲ್ಲಿ ವಿಕಿರಣ ಎಣಿಸುತ್ತ ಕೂರುವುದು.

ಜುಲೈ 30ರಂದು ಮೊದಲ ಹನಿ ಬಿತ್ತು. ಎಣಿಕೆ ಏರತೊಡಗಿತು. ನಿಮಿಷಕ್ಕೆ ಕೆಲವು ನೂರಿದ್ದದ್ದು ಹತ್ತು ಸಾವಿರದ ಸುಮಾರಿಗೆ ಹೋಗಿ ನಿಂತಿತು. ಭೂಮಿಯ ಮಣ್ಣಿನಲ್ಲಿ ಕಂಡಂಥದೇ ರೇಖೆ. ಇನ್ನು ಪ್ರತಿಪರೀಕ್ಷೆ ಆಗಬೇಕು. ಅದೇ ಮಣ್ಣಿನ ಇನ್ನೊಂದು ಚಿಟಿಕೆಯನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಸಿ, ಏನಾದರೂ ಜೀವವಿದ್ದರೆ ಸತ್ತುಹೋಗುವಂತೆ ಮಾಡಿ, ಆಮೇಲೆ ಹನಿ ಹಾಕಿದರು. ಎಣಿಕೆ ಏರಲಿಲ್ಲ. ಹಸಿ ಮಣ್ಣು ಉಸಿರಾಡಿತು, ಬೆಂದ ಮಣ್ಣು ಸುಮ್ಮನಿತ್ತು. ಹೊರಡುವ ಮುಂಚೆಯೇ ವಿಜ್ಞಾನಿಗಳೆಲ್ಲ ಕೂತು, ಇಂಥ ಫಲಿತಾಂಶ ಬಂದರೆ ಜೀವವಿದೆ ಎಂದು ಲೆಕ್ಕ ಎಂದು ಒಪ್ಪಿಕೊಂಡಿದ್ದರು. ಅಂಥದೇ ಬಂದಿತ್ತು. ಯುಟೋಪಿಯಾದ ಮಣ್ಣೂ ಅದನ್ನೇ ಹೇಳಿತು. ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಣ್ಣನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಮಾತ್ರ ಬಿಸಿ ಮಾಡಿದಾಗ ಚಟುವಟಿಕೆ ಬಹುಪಾಲು ತಗ್ಗಿತು. ಕತ್ತಲಲ್ಲಿ ತಿಂಗಳುಗಟ್ಟಲೆ ಇಟ್ಟ ಮಣ್ಣು ಹನಿಗೆ ಓಗೊಡಲೇ ಇಲ್ಲ. ಸಾಮಾನ್ಯ ಖನಿಜಕ್ಕೆ ಅಷ್ಟು ನಾಜೂಕು ಇರುವುದಿಲ್ಲ ಎನ್ನುವುದು ಲೆವಿನ್ ಅವರ ವಾದ.

ಆದರೆ ಒಂದು ಕಡೆ ಲಯ ತಪ್ಪಿತ್ತು. ಎರಡನೆಯ ಬಾರಿ ಆಹಾರದ ಹನಿ ಹಾಕಿದಾಗ ಜೀವಿಗಳಾಗಿದ್ದರೆ ಮತ್ತೆ ಉತ್ಸಾಹದಿಂದ ತಿನ್ನಬೇಕಿತ್ತು, ಎಣಿಕೆ ಇನ್ನಷ್ಟು ಏರಬೇಕಿತ್ತು. ಅದು ಇಳಿಯಿತು. ಗಾಳಿಯಲ್ಲಿದ್ದ ಅನಿಲದ ಒಂದು ಪಾಲನ್ನು ಒದ್ದೆ ಮಣ್ಣೇ ಹೀರಿಕೊಂಡಿತ್ತು. ಜೀವಿಗಳು ಅಷ್ಟರಲ್ಲಿ ಸತ್ತಿರಬಹುದು ಎಂದು ಒಬ್ಬರು. ಜೀವಿಗಳು ಇರಲೇ ಇಲ್ಲ, ಮಣ್ಣಿನ ಯಾವುದೋ ರಾಸಾಯನಿಕ ಮೊದಲ ಹನಿಯಲ್ಲೇ ಖರ್ಚಾಗಿ ಮುಗಿಯಿತು ಎಂದು ಇನ್ನೊಬ್ಬರು. ಎರಡನೆಯವರ ಕಡೆಗೆ ಪಕ್ಕದ ಪ್ರಯೋಗವೂ ವಾಲಿತು. ವ್ಯಾನ್ಸ್ ಒಯಾಮಾ ಅವರ ಆ ಪ್ರಯೋಗದಲ್ಲಿ ಮಣ್ಣಿಗೆ ಬರಿಯ ತೇವ ತಾಗಿದೊಡನೆ ಆಮ್ಲಜನಕ ಬುಸ್ಸೆಂದು ಹೊರಬಂದಿತ್ತು. ಕಾಸಿದ ಮಣ್ಣಿನಿಂದಲೂ ಬಂದಿತ್ತು. ಸತ್ತ ಜೀವಿ ಉಸಿರು ಬಿಡುವುದಿಲ್ಲ. ಮಂಗಳನ ಮಣ್ಣಿನಲ್ಲಿ ಏನೋ ಚುರುಕಾದ ಉತ್ಕರ್ಷಕ ವಸ್ತು ಇರಬೇಕು ಎಂಬ ಗುಮಾನಿ ಅಲ್ಲಿಂದ ಹುಟ್ಟಿತು. ಮೂರನೆಯದಾದ ನಾರ್ಮನ್ ಹೊರೊವಿಟ್ಜ್ ಅವರ ಪ್ರಯೋಗ ಮೊದಲು ಮಂದವಾಗಿ ಹೌದೆಂದು, ಆಮೇಲೆ ಬಹುಮಟ್ಟಿಗೆ ಅಲ್ಲವೆಂದು ಹೇಳಿತು.

ಮೂವರು ಸಾಕ್ಷಿಗಳು ಮೂರು ಮಾತು ಹೇಳಿದಾಗ ನ್ಯಾಯಾಲಯ ನಾಲ್ಕನೆಯವನನ್ನು ಕರೆಸುತ್ತದೆ. ಆ ನಾಲ್ಕನೆಯ ಸಾಕ್ಷಿ ಜೀವಪರೀಕ್ಷೆಯ ಪೆಟ್ಟಿಗೆಯದಲ್ಲ. ನೌಕೆಯಲ್ಲಿದ್ದ ಅಣುಗಳ ಪರೀಕ್ಷಾಯಂತ್ರ. ಅದರ ಹೊಣೆ ಹೊತ್ತವರು ಎಂಐಟಿಯ ಕ್ಲಾಸ್ ಬೀಮನ್. ಅಣುಗಳನ್ನು ತೂಕ ಮಾಡಿ ಗುರುತಿಸುವ ವಿದ್ಯೆಯಲ್ಲಿ ಜಗತ್ತಿನ ದೊಡ್ಡ ಹೆಸರು ಅವರದು. ಇಲ್ಲಿ ಮಣ್ಣನ್ನು ಪುಟ್ಟ ಒಲೆಯಲ್ಲಿ ಹಂತಹಂತವಾಗಿ 500 ಡಿಗ್ರಿಯ ತನಕ ಕಾಸುತ್ತಾರೆ. ಮಣ್ಣಿನಲ್ಲಿ ಸಾವಯವ ಪದಾರ್ಥ, ಅಂದರೆ ಇಂಗಾಲದ ಸರಪಳಿಯ ಅಣುಗಳು ಇದ್ದರೆ ಅವು ಒಡೆದು ಆವಿಯಾಗಿ ಮೇಲೇಳುತ್ತವೆ. ಆವಿಯನ್ನು ಬೇರ್ಪಡಿಸಿ ತೂಗಿದರೆ ಯಾವ ಅಣುವೆಂದು ತಿಳಿಯುತ್ತದೆ. ಜೀವಿ ಬದುಕಿರಲಿ, ಸತ್ತಿರಲಿ, ಅದರ ಶರೀರವಾದರೂ ಸಿಗಬೇಕು.

ಸಿಕ್ಕಿದ್ದು ನೀರು, ಕಾರ್ಬನ್ ಡೈಆಕ್ಸೈಡ್. ಜೊತೆಗೆ ಕ್ಲೋರೋಮೀಥೇನ್, ಡೈಕ್ಲೋರೋಮೀಥೇನ್ ಎಂಬ ಕ್ಲೋರಿನ್ ಕೂಡಿದ ಎರಡು ಸಣ್ಣ ಅಣುಗಳು, ನೂರು ಕೋಟಿಯಲ್ಲಿ ಕೆಲವು ಭಾಗದಷ್ಟು. ಯಂತ್ರವನ್ನು ಭೂಮಿಯಲ್ಲಿ ತೊಳೆಯುವಾಗ ಬಳಸಿದ ದ್ರಾವಕಗಳ ಪಳೆಯುಳಿಕೆ ಅದು ಎಂದು ಬೀಮನ್ ತಂಡ ಅದನ್ನು ಬದಿಗೆ ಸರಿಸಿತು. ಅಣುಗಳಲ್ಲಿದ್ದ ಎರಡು ಬಗೆಯ ಕ್ಲೋರಿನ್ನಿನ ಪ್ರಮಾಣವೂ ಭೂಮಿಯದಕ್ಕೆ ಸರಿಯಾಗಿ ಹೊಂದುತ್ತಿತ್ತು. ಹಾಗಾಗಿ ಅನುಮಾನಕ್ಕೆ ಎಡೆ ಕಾಣಲಿಲ್ಲ. ತೀರ್ಪು ಬಂತು: ಮಂಗಳನ ಮಣ್ಣಿನಲ್ಲಿ ಸಾವಯವ ಪದಾರ್ಥ ಇಲ್ಲ. ಶರೀರವೇ ಇಲ್ಲದ ಮೇಲೆ ಉಸಿರೆಲ್ಲಿಂದ? ಲೆವಿನ್ ಅವರ ಎಣಿಕೆಯಂತ್ರ ಕಂಡದ್ದು ಜೀವವನ್ನಲ್ಲ, ರಾಸಾಯನಿಕ ಕಣ್ಕಟ್ಟನ್ನು ಎಂದು ಬಹುಮತದ ತೀರ್ಮಾನವಾಯಿತು. ಶಾಲೆಯ ಪಠ್ಯಗಳಿಗೂ ಅದೇ ಇಳಿಯಿತು.

ಆ ‘ಇಲ್ಲ’ ಎಷ್ಟು ಪೂರ್ತಿ ಇಲ್ಲವಾಗಿತ್ತೆಂದರೆ ಅದೇ ಒಂದು ಒಗಟಾಗಬೇಕಿತ್ತು. ಜೀವವಿಲ್ಲದಿದ್ದರೂ ಸಾವಯವ ಅಣುಗಳು ಇರಲೇಬೇಕಾದ ಜಾಗ ಅದು. ಉಲ್ಕೆಗಳು ಅವನ್ನು ಹೊತ್ತು ತಂದು ಕೋಟ್ಯಂತರ ವರ್ಷಗಳಿಂದ ಅಲ್ಲಿ ಸುರಿಯುತ್ತಿವೆ. ಗುಡಿಸಿ ಒರೆಸಿದ ಹಾಗೆ ಚೊಕ್ಕಟವಾಗಿರುವ ಮನೆ ನೋಡಿದರೆ ಪೊಲೀಸರಿಗೆ ಅನುಮಾನ ಬರುತ್ತದೆ. ವಿಜ್ಞಾನಿಗಳಿಗೂ ಬಾರದೆ ಇರಲಿಲ್ಲ. ಒಯಾಮಾ ಕಂಡ ಅದೇ ಉತ್ಕರ್ಷಕ ಎಲ್ಲವನ್ನೂ ತಿಂದುಹಾಕಿರಬೇಕು ಎಂದು ಸಮಾಧಾನ ಹೇಳಿಕೊಂಡರು. ಅದು ಯಾವ ವಸ್ತು, ಯಾವಾಗ ತಿಂದಿತು ಎಂಬ ಪ್ರಶ್ನೆ ಹಾಗೇ ಉಳಿಯಿತು. ಬಹುಶಃ ಪ್ರಶ್ನೆಗಿಂತ ನಿರಾಸೆ ದೊಡ್ಡದಾಗಿತ್ತು. ವೈಕಿಂಗ್ ಆದ ಮೇಲೆ ಮತ್ತೊಂದು ನೌಕೆ ಮಂಗಳನ ನೆಲ ಮುಟ್ಟಿದ್ದು 1997ರಲ್ಲಿ, ಅಂದರೆ 21 ವರ್ಷ ಕಳೆದು.

ಇನ್ನು ಆ ಕಾಣೆಯಾದ ಪ್ರಯೋಗಶಾಲೆಯ ಕತೆ. ವುಲ್ಫ್ ವಿಷ್ನಿಯಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಕಟ್ಟಿದ್ದ ಯಂತ್ರ ಅದು. ಗೆಳೆಯರು ಅದನ್ನು ಅವರ ಹೆಸರಿನ ಮೇಲೆ ಪನ್ ಮಾಡಿ ‘ತೋಳದ ಬೋನು’ ಎನ್ನುತ್ತಿದ್ದರು. ಪೋಷಕ ದ್ರವದಲ್ಲಿ ಮಣ್ಣು ಹಾಕಿ ಅದು ಕಲಕಾಗುತ್ತದೆಯೇ ಎಂದು ನೋಡುವ ಪ್ರಯೋಗ. ಖರ್ಚು ಮಿತಿಮೀರಿತೆಂದು 1972ರಲ್ಲಿ ಅದನ್ನು ವೈಕಿಂಗ್‌ನಿಂದ ಕೈಬಿಟ್ಟರು. ಹತ್ತು ವರ್ಷಕ್ಕೂ ಮಿಕ್ಕಿದ ಕೆಲಸ ಹಾಗೆ ಹೋಯಿತು. ವಿಷ್ನಿಯಾಕ್ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಅಂಟಾರ್ಕ್ಟಿಕದಲ್ಲಿ ಹಿಮವೂ ನಿಲ್ಲದಷ್ಟು ಒಣಗಿದ ಕಣಿವೆಗಳಿವೆ. ಭೂಮಿಯ ಮೇಲೆ ಮಂಗಳಕ್ಕೆ ತೀರಾ ಹತ್ತಿರದ ನೆಲ. ಅಲ್ಲಿನ ಮಣ್ಣು ಕೆಲವೆಡೆ ಪೂರಾ ನಿರ್ಜೀವ ಎಂದು ಹೊರೊವಿಟ್ಜ್ ಮತ್ತು ಸಂಗಡಿಗರು ಹೇಳಿದ್ದರು. ಅದು ನಿಜವೇ ನೋಡೋಣ ಎಂದು ಹೊರಟ ವಿಷ್ನಿಯಾಕ್ 1973ರ ಡಿಸೆಂಬರ್‌ನಲ್ಲಿ ಆಸ್ಗಾರ್ಡ್ ಬೆಟ್ಟಸಾಲಿನಲ್ಲಿ ಒಬ್ಬರೇ ತಿರುಗುತ್ತಿದ್ದಾಗ ಇಳಿಜಾರಿನಿಂದ ಜಾರಿ ಬಿದ್ದು ತೀರಿಕೊಂಡರು. ಆಗ ಅವರಿಗೆ ಐವತ್ತೊಂದು.

ಅವರು ಕೂಡಿಹಾಕಿದ್ದ ಕೆಲವು ಕಲ್ಲುಗಳು ಆಮೇಲೆ ಇಮ್ರೆ ಫ್ರೀಡ್ಮನ್ ಎಂಬ ಇನ್ನೊಬ್ಬ ವಿಜ್ಞಾನಿಯ ಕೈ ಸೇರಿದವು. ಕಲ್ಲನ್ನು ಒಡೆದು ನೋಡಿದರೆ ಮೇಲ್ಮೈಯ ತುಸು ಕೆಳಗೆ ಹರಳುಗಳ ಸಂದಿನಲ್ಲಿ ಹಸಿರು ಗೆರೆ. ಗಾಳಿ, ಚಳಿ, ಬಿಸಿಲುಗಳಿಂದ ತಪ್ಪಿಸಿಕೊಂಡು ಪಾಚಿಯ ಜಾತಿಯ ಜೀವಿಗಳು ಕಲ್ಲಿನೊಳಗೆ ಸಂಸಾರ ಹೂಡಿದ್ದವು. ಈ ವರದಿ ಅಚ್ಚಾದದ್ದು 1976ರಲ್ಲೇ, ಇತ್ತ ವೈಕಿಂಗ್ ನೌಕೆಗಳು ಮಂಗಳನ ಮೇಲುಮಣ್ಣನ್ನು ಬಾಚಿ ಬಾಚಿ ಒಲೆಗೆ ಹಾಕುತ್ತಿದ್ದ ವರ್ಷ.

ಮುಂದಿನ ಅಧ್ಯಾಯಕ್ಕೆ 32 ವರ್ಷ ಕಾಯಬೇಕಾಯಿತು. 2008ರ ಮೇ 25ರಂದು ಫೀನಿಕ್ಸ್ ಎಂಬ ನೌಕೆ ಮಂಗಳನ ಉತ್ತರ ಧ್ರುವದ ಬಳಿ ಇಳಿದು ಅಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿತು. ಕರಗಿದ ಲವಣಗಳನ್ನು ಅಳೆಯುವುದು ಅದರ ಕೆಲಸ. ನೈಟ್ರೇಟ್ ಅಳೆಯಲೆಂದು ಇಟ್ಟ ಒಂದು ಕಡ್ಡಿ ಎಲ್ಲರೂ ಬೆಚ್ಚುವಂತೆ ಅಳತೆ ತೋರಿಸಿತು. ಅಷ್ಟು ನೈಟ್ರೇಟ್ ಇರಲು ಸಾಧ್ಯವೇ ಇರಲಿಲ್ಲ. ಆ ಕಡ್ಡಿ ನೈಟ್ರೇಟಿಗಿಂತ ಇನ್ನೊಂದು ವಸ್ತುವಿಗೆ ಬಹಳ ಹೆಚ್ಚು ಸ್ಪಂದಿಸುತ್ತದೆ, ಅದು ಪರ್‌ಕ್ಲೋರೇಟ್. ಒಂದು ಕ್ಲೋರಿನ್ ಪರಮಾಣುವಿಗೆ ನಾಲ್ಕು ಆಮ್ಲಜನಕ ಅಂಟಿಕೊಂಡ ಲವಣ. ಮಣ್ಣಿನಲ್ಲಿ ಅದು ನೂರಕ್ಕೆ ಅರ್ಧದಷ್ಟಿತ್ತು.

ಪರ್‌ಕ್ಲೋರೇಟ್ ನಮಗೆ ಅಪರಿಚಿತವೇನಲ್ಲ. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಘನ ಇಂಧನದಲ್ಲಿ ಆಮ್ಲಜನಕ ಒದಗಿಸುವುದು ಇದರ ಬಳಗದ್ದೇ ಆದ ಅಮೋನಿಯಂ ಪರ್‌ಕ್ಲೋರೇಟ್. 2013ರಲ್ಲಿ ನಮ್ಮ ಮಂಗಳಯಾನವನ್ನು ಮೇಲಕ್ಕೆ ಒದ್ದದ್ದೂ ಅದೇ. ತಣ್ಣಗಿರುವಾಗ ಅದರಷ್ಟು ಸಾಧು ಬೇರೆ ಇಲ್ಲ. ಮಂಗಳನ ಕೊರೆಯುವ ಚಳಿಯಲ್ಲಿ ಸಾವಯವ ಪದಾರ್ಥದ ಪಕ್ಕದಲ್ಲೇ ಯುಗಯುಗ ಮಲಗಿರಬಲ್ಲದು. ಬಿಸಿ ತಾಗಿ ಕೆಲವು ನೂರು ಡಿಗ್ರಿ ಆಯಿತೋ, ತನ್ನ ಆಮ್ಲಜನಕವನ್ನೆಲ್ಲ ಒಮ್ಮೆಗೇ ಕಕ್ಕಿ ಪಕ್ಕದಲ್ಲಿದ್ದ ಇಂಗಾಲವನ್ನು ಸುಟ್ಟುಹಾಕುತ್ತದೆ.

ವೈಕಿಂಗ್‌ನ ಒಲೆ ನೆನಪಾಗಿರಬೇಕು. ಸಾವಯವ ಅಣುಗಳನ್ನು ಹೊರಡಿಸಲೆಂದು ಬೀಮನ್ ತಂಡ ಮಣ್ಣನ್ನು ಕಾಸುತ್ತಿದ್ದಾಗ ಆ ಮಣ್ಣಿನಲ್ಲೂ ಇದೇ ಲವಣ ಇದ್ದಿದ್ದರೆ? ಮೆಕ್ಸಿಕೋದ ರಸಾಯನ ವಿಜ್ಞಾನಿ ರಫಾಯೆಲ್ ನವಾರೋ-ಗೊನ್ಸಾಲೆಸ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೇ ಒಡ್ಡಿದರು. ಚಿಲಿ ದೇಶದ ಅಟಕಾಮಾ ಮರುಭೂಮಿಯ ಮಣ್ಣು ತಂದರು. ಅದರಲ್ಲಿ ಸಾವಯವ ಪದಾರ್ಥ ಸ್ವಲ್ಪವೇ ಇದೆ, ಆದರೆ ಇದೆ. ಅದಕ್ಕೆ ನೂರಕ್ಕೆ ಒಂದು ಭಾಗ ಪರ್‌ಕ್ಲೋರೇಟ್ ಬೆರೆಸಿ ವೈಕಿಂಗ್ ಮಾಡಿದ ಹಾಗೆಯೇ ಕಾಸಿದರು. ಹೊರಬಂದದ್ದು ನೀರು, ಕಾರ್ಬನ್ ಡೈಆಕ್ಸೈಡ್, ಸ್ವಲ್ಪ ಕ್ಲೋರೋಮೀಥೇನ್, ಸ್ವಲ್ಪ ಡೈಕ್ಲೋರೋಮೀಥೇನ್. 1976ರಲ್ಲಿ ಬಟ್ಟೆಸೋಪಿನ ಶೇಷದಂತೆ ಕೊಡವಿ ಹಾಕಿದ ಆ ಎರಡು ಅಣುಗಳು ಒಲೆಯೊಳಗೆ ಸುಟ್ಟುಹೋದ ಸಾಕ್ಷಿಯ ಬೂದಿ ಇರಬಹುದೆಂದು ಆ ತಂಡ 2010ರಲ್ಲಿ ಪ್ರಕಟಿಸಿತು. ವಯಸ್ಸಾಗಿದ್ದ ಬೀಮನ್ ಇದನ್ನು ಒಪ್ಪಲಿಲ್ಲ, ಲಿಖಿತವಾಗಿಯೇ ಪ್ರತಿಭಟಿಸಿದರು. ಫೀನಿಕ್ಸ್ ಇಳಿದ ಜಾಗದ ಮಣ್ಣಿನಲ್ಲಿ ಇದ್ದದ್ದು ವೈಕಿಂಗ್ ಇಳಿದಲ್ಲೂ ಇತ್ತೆನ್ನಲು ಏನು ಆಧಾರ ಎಂಬುದು ನ್ಯಾಯವಾದ ಪ್ರಶ್ನೆಯೇ. ಅವರು 2016ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕ್ಯೂರಿಯಾಸಿಟಿ ಎಂಬ ಗಾಲಿಬಂಡಿ, ಫೀನಿಕ್ಸ್‌ನಿಂದ ಬಹುದೂರ, ಸಮಭಾಜಕದ ಹತ್ತಿರವೂ ಪರ್‌ಕ್ಲೋರೇಟಿನ ಗುರುತು ಕಂಡಿತ್ತು. 2018ರಲ್ಲಿ ವೈಕಿಂಗ್‌ನ ಹಳೆಯ ದಾಖಲೆಗಳನ್ನು ಕೆದಕಿದವರಿಗೆ ಕ್ಲೋರೋಬೆಂಜೀನ್ ಎಂಬ ಇನ್ನೊಂದು ಅಣುವಿನ ಮಂದ ಗುರುತೂ ಅಲ್ಲಿ ಸಿಕ್ಕಿತು. ಅದೇ ಅಣುವನ್ನು ಕ್ಯೂರಿಯಾಸಿಟಿಯೂ ಮಂಗಳನ ಕಲ್ಲಿನಲ್ಲಿ ಕಂಡಿತ್ತು.

ಹಾಗಾದರೆ ಲೆವಿನ್ ಗೆದ್ದರೇ? ಪತ್ರಿಕೆಗಳಿಗೆ ಅಂಥ ತಲೆಬರಹ ಇಷ್ಟ. ಆದರೆ ಇಲ್ಲಿ ತುಸು ನಿಧಾನಿಸಬೇಕು. ಪರ್‌ಕ್ಲೋರೇಟ್ ಕೆಡವಿದ್ದು ಬೀಮನ್ ಅವರ ‘ಇಲ್ಲ’ವನ್ನು ಮಾತ್ರ. ಎದುರು ಸಾಕ್ಷಿ ಬಿದ್ದುಹೋದ ಮಾತ್ರಕ್ಕೆ ನಮ್ಮ ಸಾಕ್ಷಿ ನಿಂತಂತಾಗುವುದಿಲ್ಲ. ಅಷ್ಟೇ ಅಲ್ಲ, ಅದೇ ಲವಣ ಲೆವಿನ್ ಅವರ ಕಡೆಗೂ ತಿರುಗಿ ನಿಂತಿತು. ಮಂಗಳನಿಗೆ ಭೂಮಿಗಿರುವಂಥ ದಪ್ಪ ಗಾಳಿಯ ಹೊದಿಕೆ ಇಲ್ಲ, ಬಾಹ್ಯಾಕಾಶದ ವಿಕಿರಣ ನೇರ ನೆಲಕ್ಕೆ ಬಡಿಯುತ್ತದೆ. ಅಂಥ ವಿಕಿರಣಕ್ಕೆ ಪರ್‌ಕ್ಲೋರೇಟನ್ನು ಒಡ್ಡಿದರೆ ಅದು ಒಡೆದು ಹೈಪೋಕ್ಲೋರೈಟ್ ಹುಟ್ಟುತ್ತದೆ, ನಾವು ಬಟ್ಟೆ ಬಿಳಿ ಮಾಡಲು ಬಳಸುವ ಬ್ಲೀಚಿನ ಸಾರ. ಲವಣದ ಹರಳುಗಳಲ್ಲಿ ಆಮ್ಲಜನಕವೂ ಸಿಕ್ಕಿಕೊಳ್ಳುತ್ತದೆ. ನೀರು ತಾಗಿದರೆ ಆ ಆಮ್ಲಜನಕ ಹೊರಬರುತ್ತದೆ, ಒಯಾಮಾ ಕಂಡ ಹಾಗೆ. ಲೆವಿನ್ ಅವರ ಹನಿ ತಾಗಿದರೆ ಹೈಪೋಕ್ಲೋರೈಟ್ ಅದರಲ್ಲಿನ ಅಮೈನೋ ಆಮ್ಲವನ್ನು ಒಡೆದು ಗುರುತಿನ ಅನಿಲವನ್ನು ಹೊರಡಿಸಬಲ್ಲದು. ರಿಚರ್ಡ್ ಕ್ವಿನ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು.

ಲೆವಿನ್ 1997ರಲ್ಲೇ ತಾವು ಕಂಡದ್ದು ಜೀವವೇ ಎಂದು ಬಹಿರಂಗವಾಗಿ ಘೋಷಿಸಿದ್ದರು. 2019ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಮತ್ತೊಮ್ಮೆ ಅದನ್ನೇ ಬರೆದರು. ಅವರ ಮಾತನ್ನು ಮೊಂಡುತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕೇಳುತ್ತಿದ್ದದ್ದು ನಂಬಿಕೆಯನ್ನಲ್ಲ, ಇನ್ನೊಂದು ಪ್ರಯೋಗವನ್ನು. ಅದು ಹೀಗಿದೆ. ಅಮೈನೋ ಆಮ್ಲದಂಥ ಅಣುಗಳು ನಮ್ಮ ಎಡಗೈ ಬಲಗೈಗಳ ಹಾಗೆ ಎರಡು ರೂಪದಲ್ಲಿರುತ್ತವೆ. ತೂಕ ಒಂದೇ, ಅಂಗಾಂಗ ಒಂದೇ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ನಿರ್ಜೀವ ರಸಾಯನಕ್ಕೆ ಎಡ ಬಲ ಎಂಬ ಭೇದ ಸಾಮಾನ್ಯವಾಗಿ ಇಲ್ಲ. ಬ್ಲೀಚು ಎರಡನ್ನೂ ಒಂದೇ ವೇಗದಲ್ಲಿ ಒಡೆಯುತ್ತದೆ. ಜೀವಿಗೆ ಭೇದ ಉಂಟು. ಭೂಮಿಯ ಜೀವಿಗಳು ಪ್ರೋಟೀನು ಕಟ್ಟುವುದು ಎಡಗೈಯ ಅಮೈನೋ ಆಮ್ಲಗಳಿಂದ. ಆದ್ದರಿಂದ ಎಡದ ಹನಿ ಒಂದು ಕಡೆ, ಬಲದ ಹನಿ ಇನ್ನೊಂದು ಕಡೆ ಹಾಕಿ ನೋಡಿದರೆ, ಮಣ್ಣು ಒಂದನ್ನೇ ಆರಿಸಿ ತಿಂದಿತೆಂದರೆ, ಆಗ ತಿಂದದ್ದು ಮಣ್ಣಲ್ಲ. 1976ರಲ್ಲಿ ಎರಡನ್ನೂ ಒಂದೇ ಹನಿಯಲ್ಲಿ ಬೆರೆಸಿಬಿಟ್ಟಿದ್ದರು. ಮಂಗಳದವರಿಗೆ ಯಾವ ಕೈ ಇಷ್ಟವೋ ಯಾರಿಗೆ ಗೊತ್ತು, ಎರಡೂ ಇರಲಿ ಎಂಬ ಧಾರಾಳದಿಂದ. ಎಡ-ಬಲಗಳ ಈ ಗುಂಗು ಲೆವಿನ್ ಅವರನ್ನು ಬಿಡಲೇ ಇಲ್ಲ. ನಾಲಿಗೆಗೆ ಸಿಹಿಯಾಗಿ ಮೈಗೆ ಹತ್ತದ ಕನ್ನಡಿ-ಸಕ್ಕರೆಯ ಯೋಚನೆಯೂ ಅವರಿಗೆ ಅಲ್ಲಿಂದಲೇ ಬಂತು, ಅದರ ಹಿಂದೆಯೂ ವರ್ಷಗಟ್ಟಲೆ ಓಡಾಡಿದರು.

ಆ ಪ್ರಯೋಗವನ್ನು ಯಾರೂ ಕಳಿಸಲಿಲ್ಲ. ಬದುಕಿರುವ ಜೀವಿಯನ್ನು ನೇರವಾಗಿ ಹುಡುಕುವ ಯಾವ ಉಪಕರಣವೂ ವೈಕಿಂಗ್ ಆದ ಮೇಲೆ ಮಂಗಳದಲ್ಲಿ ಇಳಿದಿಲ್ಲ. ಮೊದಲು ಅಲ್ಲಿ ನೀರಿತ್ತೇ, ಜೀವಕ್ಕೆ ಅನುಕೂಲವಿತ್ತೇ ತಿಳಿಯೋಣ ಎಂಬ ಎಚ್ಚರದ ದಾರಿಯನ್ನು ನಾಸಾ ಹಿಡಿಯಿತು. ಆ ಎಚ್ಚರಕ್ಕೆ ಕಾರಣ ಇಲ್ಲದಿಲ್ಲ. 1996ರ ಆಗಸ್ಟ್‌ನಲ್ಲಿ, ಅಂಟಾರ್ಕ್ಟಿಕದಲ್ಲಿ ಸಿಕ್ಕ ಮಂಗಳನ ಉಲ್ಕಾಶಿಲೆಯೊಂದರಲ್ಲಿ ಪ್ರಾಚೀನ ಜೀವದ ಕುರುಹು ಕಂಡಿದೆ ಎಂದು ಡೇವಿಡ್ ಮೆಕೇ ತಂಡ ಹೇಳಿ, ಅಧ್ಯಕ್ಷ ಕ್ಲಿಂಟನ್ ಅವರೇ ಅದರ ಬಗ್ಗೆ ಮಾತನಾಡಿ, ಆಮೇಲೆ ಒಂದೊಂದು ಕುರುಹಿಗೂ ನಿರ್ಜೀವ ವಿವರಣೆ ಸಿಗುತ್ತ ಹೋದದ್ದು ಎಲ್ಲರಿಗೂ ನೆನಪಿದೆ.

ಮೀಥೇನ್ ಅನಿಲದ ಕತೆಯೂ ಹಾಗೇ ಸುತ್ತು ಹೊಡೆಯುತ್ತಿದೆ. ಗದ್ದೆಯ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಅದನ್ನು ಹುಟ್ಟಿಸುವುದು ಸೂಕ್ಷ್ಮಜೀವಿಗಳು. ಬಿಸಿಲಿಗೆ ಅದು ಒಡೆಯುತ್ತದೆ. ಹಾಗಾಗಿ ಒಂದು ಗ್ರಹದ ಗಾಳಿಯಲ್ಲಿ ಅದು ಕಂಡರೆ ಯಾರೋ ಈಗಲೂ ಊಡುತ್ತಿರಬೇಕು. ಗಾಳಿಯ ಇಂಥ ಅಸಮತೋಲವನ್ನು ನೋಡಿದರೇ ಸಾಕು, ಮಣ್ಣು ಬಾಚಲು ಅಲ್ಲಿಗೆ ಹೋಗುವುದೇ ಬೇಡ ಎಂದು ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ 1965ರಲ್ಲೇ ವಾದಿಸಿದ್ದರು. ಬೆಂಗಳೂರಿನಿಂದ ನಿಯಂತ್ರಿಸಲ್ಪಟ್ಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನಮ್ಮ ಮಂಗಳಯಾನ ಕೂಡ ಒಂದು ಮೀಥೇನ್ ಸಂವೇದಕವನ್ನು ಹೊತ್ತೊಯ್ದಿತ್ತು. ಅದರಿಂದ ನೆಲದ ಪ್ರತಿಫಲನದ ನಕ್ಷೆ ಬಂತು. ಮೀಥೇನ್ ಬಗ್ಗೆ ಇತ್ಯರ್ಥವಾಗಲಿಲ್ಲ. ಆಮೇಲೆ ಕ್ಯೂರಿಯಾಸಿಟಿ ನೆಲಮಟ್ಟದಲ್ಲಿ ಅದನ್ನು ಅಳೆದು, ಋತುವಿಗೆ ತಕ್ಕಂತೆ ಏರಿಳಿಯುತ್ತದೆ ಎಂದು 2018ರಲ್ಲಿ ಹೇಳಿತು. ಅದಕ್ಕಿಂತ ಸೂಕ್ಷ್ಮವಾದ ಐರೋಪ್ಯ ನೌಕೆಯೊಂದು ಮೇಲಿನಿಂದ ಹುಡುಕಿ ಇಲ್ಲವೇ ಇಲ್ಲ ಎಂದಿತು. ಒಂದು ಯಂತ್ರ ಹೌದು, ಇನ್ನೊಂದು ಅಲ್ಲ. 1976 ಮತ್ತೆ ಬಂದಂತೆ.

ಈಚಿನ ಸುದ್ದಿಯನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ಪರ್ಸಿವಿಯರೆನ್ಸ್ ಎಂಬ ಬಂಡಿಗೆ 2024ರ ಜುಲೈನಲ್ಲಿ ಒಣಗಿದ ನದಿಪಾತ್ರದ ಒಂದು ಕಲ್ಲಿನ ಮೇಲೆ ಚಿರತೆಯ ಮೈಯಂಥ ಮಚ್ಚೆಗಳು ಕಂಡವು. ಮಚ್ಚೆಗಳಲ್ಲಿ ಕಬ್ಬಿಣದ ಫಾಸ್ಫೇಟು ಮತ್ತು ಸಲ್ಫೈಡು ಇರುವಂತಿದೆ. ಕಲ್ಲಿನಲ್ಲಿ ಸಾವಯವ ಇಂಗಾಲವೂ ಇದೆ. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಹುಟ್ಟಿಸುವುದು ಹೆಚ್ಚಾಗಿ ಸೂಕ್ಷ್ಮಜೀವಿಗಳು. 2025ರ ಸೆಪ್ಟೆಂಬರ್‌ನಲ್ಲಿ ಇದು ‘ಸಂಭಾವ್ಯ ಜೀವಕುರುಹು’ ಎಂದು ಪ್ರಕಟವಾಯಿತು. ಸಂಭಾವ್ಯ ಎಂಬ ಆ ಪದದ ಹಿಂದೆ ಐವತ್ತು ವರ್ಷದ ಪೆಟ್ಟು ಇದೆ. ಕಲ್ಲಿನ ಚೂರು ಒಂದು ಕೊಳವೆಯಲ್ಲಿ ಭದ್ರವಾಗಿದೆ. ಅದನ್ನು ಭೂಮಿಗೆ ತರುವ ಅಮೆರಿಕದ ಯೋಜನೆ ವೆಚ್ಚದ ಭಾರದಲ್ಲಿ ಕುಸಿದು ಕೂತಿದೆ.

ಪೆಟ್ರೀಷಿಯಾ ಸ್ಟ್ರಾಟ್ 2020ರಲ್ಲಿ ತೀರಿಕೊಂಡರು. ಪರ್‌ಕ್ಲೋರೇಟ್ ಪ್ರಯೋಗದ ನವಾರೋ-ಗೊನ್ಸಾಲೆಸ್ 2021ರ ಜನವರಿಯಲ್ಲಿ ಕೋವಿಡ್‌ಗೆ ಬಲಿಯಾದರು. ಅದೇ ವರ್ಷದ ಜುಲೈನಲ್ಲಿ, ಅವರ ಮೊದಲ ಹನಿ ಬಿದ್ದ 45 ವರ್ಷಕ್ಕೆ ಕೇವಲ ನಾಲ್ಕು ದಿನ ಬಾಕಿ ಇರುವಾಗ, ಗಿಲ್ಬರ್ಟ್ ಲೆವಿನ್ 97ನೆಯ ವಯಸ್ಸಿನಲ್ಲಿ ಹೋದರು.

ಯುರೋಪಿನ ‘ರೋಸಲಿಂಡ್ ಫ್ರ್ಯಾಂಕ್ಲಿನ್’ ಬಂಡಿ 2028ರಲ್ಲಿ ಹೊರಡಬೇಕೆಂದು ನಿಗದಿಯಾಗಿದೆ. ರಷ್ಯಾದೊಂದಿಗಿನ ಪಾಲುದಾರಿಕೆ ಯುಕ್ರೇನ್ ಯುದ್ಧದಿಂದಾಗಿ 2022ರಲ್ಲಿ ಮುರಿದುಬಿದ್ದು ಪಯಣ ಇಷ್ಟು ತಡವಾಯಿತು. ವಿಕಿರಣ ತಲುಪದ ಎರಡು ಮೀಟರ್ ಆಳದ ತನಕ ಅದು ಕೊರೆಯಲಿದೆ. ಅದರಲ್ಲೂ ಒಲೆಯಿದೆ, ಆದರೆ ಒಲೆಯನ್ನೇ ನೆಚ್ಚಿಕೊಂಡಿಲ್ಲ. ಲೇಸರಿನ ಒಂದೊಂದು ಮಿಂಚು ಕಲ್ಲಿನ ಪುಡಿಗೆ ತಾಗಿ, ಪರ್‌ಕ್ಲೋರೇಟಿಗೆ ಎಚ್ಚರವಾಗುವ ಮೊದಲೇ ಸಾವಯವ ಅಣುಗಳನ್ನು ಎಬ್ಬಿಸಿ ತರುವ ಏರ್ಪಾಡು ಅದರಲ್ಲಿದೆ. ಸಿಕ್ಕ ಅಣು ಎಡಗೈಯದೋ ಬಲಗೈಯದೋ ಎಂದು ಬೇರ್ಪಡಿಸಿ ನೋಡುವ ವ್ಯವಸ್ಥೆಯೂ ಇದೆ. ಇಳಿಯಲು ಆರಿಸಿರುವ ಜಾಗದ ಹೆಸರು ಆಕ್ಸಿಯಾ. ವೈಕಿಂಗ್ 1 ಮಣ್ಣು ಬಾಚಿದ ಕ್ರೈಸಿ ಬಯಲಿನ ಪೂರ್ವದ ಅಂಚಿನಲ್ಲಿದೆ ಅದು.